ನಿಮಗಿದು ಗೊತ್ತೇ? ಊರಾಚೆಯ ರೈಲ್ವೆ ಸ್ಟೇಷನ್

ಕ್ಯಾಸಲ್‌ರಾಕ್ ಒಂದು ಕಾಲಕ್ಕೆ ಎರಡು ಸಾಮ್ರಾಜ್ಯಗಳ ಗಡಿಠಾಣೆ! ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಕಾಡಿನೊಳಗಿನ ಈ ಸ್ಟೇಷನ್ನಿನಿಂದ ಇತ್ತ ಬ್ರಿಟಿಷ್ ಇಂಡಿಯಾ, ಅತ್ತ ಪೋರ್ಚುಗೀಸರ ಗೋವಾ. ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬಂದ ಮೀಟರ್‌ಗೇಜ್ ಹಳಿ 1888ರಲ್ಲಿ ಇಲ್ಲಿಗೆ ಮುಟ್ಟಿತು. ಗಡಿ ದಾಟುವವರು ಇಲ್ಲಿ ಸುಂಕದವರ ತಪಾಸಣೆ ಮುಗಿಸಿಯೇ ಮುಂದೆ ಹೋಗಬೇಕಿತ್ತು. ಗೋವಾದ ಮೇಲೆ ಭಾರತ ಆರ್ಥಿಕ ದಿಗ್ಬಂಧನ ಹೇರಿದಾಗ, 1955ರಲ್ಲಿ ಗಡಿಯಾಚೆಗಿನ ಸಂಚಾರವೇ ನಿಂತುಹೋಯಿತು. ಗೋವಾ ವಿಮೋಚನೆಯಾದದ್ದು 1961ರ ಡಿಸೆಂಬರಿನಲ್ಲಿ. ಈಗ ಗಡಿಯಿಲ್ಲ, ಆದರೂ ಗೋವಾದ ರೈಲುಗಳು ಇಲ್ಲಿ ನಿಲ್ಲಲೇಬೇಕು. ಮುಂದೆ 37 ಅಡಿಗೆ 1 ಅಡಿಯಂತೆ ಇಳಿಯುವ ಘಟ್ಟದ ದಾರಿ. ಬ್ರೇಕ್ ಪರೀಕ್ಷೆಯಾಗಬೇಕು, ಹೆಚ್ಚುವರಿ ಎಂಜಿನ್ ಜೋಡಿಸಬೇಕು.

ಬೆಂಗಳೂರು–ಮೈಸೂರು ರೈಲುಮಾರ್ಗಕ್ಕೆ ಮಣ್ಣು ಹೊತ್ತವರಲ್ಲಿ ಬರಗಾಲದ ಸಂತ್ರಸ್ತರಿದ್ದರು. 1876–78ರ ಧಾತು–ಈಶ್ವರ ಸಂವತ್ಸರಗಳ ಬರ ಮೈಸೂರು ಸೀಮೆಯನ್ನು ಬರಿದು ಮಾಡಿದಾಗ, ಹಸಿದವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿ ಈ ಮಾರ್ಗದ ಕೆಲಸ ಶುರುವಾಯಿತು. ರೈಲು ಮೈಸೂರು ಮುಟ್ಟಿದ್ದು 1882ರಲ್ಲಿ. ಈ ದಾರಿಯ ಒಂದೊಂದು ನಿಲ್ದಾಣದಲ್ಲೂ ಆ ಕೂಲಿಗಳ ಹೆಸರಿನಲ್ಲೊಂದು ಫಲಕ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದೇ ಮಾರ್ಗದ ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದುಗುಂಡಿನ ಕೋಠಿಯನ್ನು ಕೆಡವಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿದರು. ಮನಸ್ಸಿದ್ದರೆ ಆಗುತ್ತದೆ!

ಒಂಟಿ ಹಳಿಯ ಮೇಲೆ ಎದುರುಬದುರಾಗಿ ರೈಲು ಬಾರದಂತೆ ಕಾಯುತ್ತಿದ್ದದ್ದು ಒಂದು ಉಕ್ಕಿನ ಗುಂಡು. ಹಳೇ ಸ್ಟೇಷನ್ನಿನ ಮಾಸ್ತರರ ಕೋಣೆಯಲ್ಲಿ ನೀಲ್ಸ್ ಟೋಕನ್ ಯಂತ್ರ ಕಂಡರೆ ಹತ್ತಿರ ಹೋಗಿ ನೋಡಿ. ಮುಂದಿನ ಸ್ಟೇಷನ್ನಿನಲ್ಲಿ ಇದರದೇ ಜೋಡಿ ಯಂತ್ರ, ನಡುವೆ ವಿದ್ಯುತ್ ತಂತಿ. ಇಬ್ಬರು ಮಾಸ್ತರರೂ ಒಪ್ಪಿದರೆ ಮಾತ್ರ ಒಂದು ಗುಂಡು ಹೊರಬೀಳುತ್ತದೆ. ಅದು ಮತ್ತೆ ಯಂತ್ರದ ಹೊಟ್ಟೆ ಸೇರುವವರೆಗೆ ಎರಡೂ ಕಡೆ ಇನ್ನೊಂದು ಗುಂಡು ಈಚೆ ಬರದು. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲಕ್ಕೆ ದೊಡ್ಡ ಬಳೆ ಕಟ್ಟಿ ಎತ್ತಿ ಹಿಡಿದರೆ, ಓಡುವ ಎಂಜಿನ್ನಿನಿಂದ ಕೈಚಾಚಿ ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕಟ್ಟಡಕ್ಕೆ ಸುಣ್ಣ ಬಳಿದು ಈ ಯಂತ್ರವನ್ನು ಗುಜರಿಗೆ ಹಾಕಿದರೆ ಉಳಿಸಿದ್ದಾದರೂ ಏನನ್ನು?

ನಾವೆಲ್ಲ ಕಿಸೆಯಲ್ಲಿಟ್ಟುಕೊಂಡು ತಿರುಗಿದ ದಪ್ಪ ರಟ್ಟಿನ ಪುಟ್ಟ ಟಿಕೆಟ್ಟೂ ಹಳ್ಳಿ ಸ್ಟೇಷನ್ನಿನ ಕೂಸೇ. 1830ರ ದಶಕದಲ್ಲಿ ಇಂಗ್ಲೆಂಡಿನ ಮಿಲ್ಟನ್ ಎಂಬ ಸಣ್ಣ ನಿಲ್ದಾಣದ ಮಾಸ್ತರ ಥಾಮಸ್ ಎಡ್ಮಂಡ್‌ಸನ್, ಚೀಟಿಗಳನ್ನು ಕೈಯಲ್ಲಿ ಬರೆಯುವ ಗೋಳು ತಪ್ಪಿಸಲು ಕ್ರಮಸಂಖ್ಯೆ ಮುದ್ರಿಸಿದ ರಟ್ಟಿನ ಟಿಕೆಟ್ ಹೊರತಂದ. ಅದು ಜಗತ್ತನ್ನೇ ಸುತ್ತಿತು.

ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗ 1915ರಲ್ಲಿ ತೆರೆದಾಗ ಹಳಿಗಳ ನಡುವಿನ ಅಂತರ ಬರೀ 2 ಅಡಿ 6 ಅಂಗುಲ. ಈಗಿನ ಬ್ರಾಡ್‌ಗೇಜ್ 5 ಅಡಿ 6 ಅಂಗುಲ. ಹಳಿ ಅಗಲವಾದರೂ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನ ಹಳೇ ಕಟ್ಟಡಗಳು ಉಳಿದವು. ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ಇವುಗಳ ಜೀರ್ಣೋದ್ಧಾರಕ್ಕೆ ಕೈಹಾಕಿದೆ. ಇಂಥ ಕೆಲಸದಲ್ಲಿ ಸಿಮೆಂಟ್ ಶತ್ರು. ಹಳೇ ಗೋಡೆಯ ಸುಣ್ಣದ ಗಾರೆ ಹೀರಿದ ತೇವವನ್ನು ಹೊರಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿ ಗೋಡೆ ಕೊರೆಯುತ್ತದೆ. ಆದ್ದರಿಂದಲೇ ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು. ಇದೇ ಮಾರ್ಗದಲ್ಲಿ, ದೊಡ್ಡಜಾಲಕ್ಕೂ ದೇವನಹಳ್ಳಿಗೂ ನಡುವೆ, ವಿಮಾನ ನಿಲ್ದಾಣದ ಹಾಲ್ಟ್ 2021ರಲ್ಲಿ ಬಂತು.

ಶಂಕರನಾಗ್ ಕಿರುತೆರೆಗೆ ತಂದ ‘ಮಾಲ್ಗುಡಿ ಡೇಸ್’ನ ರೈಲ್ವೆ ಸ್ಟೇಷನ್ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಪಾಳುಬಿದ್ದಿದ್ದ ಹಳೇ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು.

ಡಾರ್ಜಿಲಿಂಗ್ ಬೆಟ್ಟದ ರೈಲು 1999ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಪುಟ್ಟ ಘೂಮ್ ನಿಲ್ದಾಣವನ್ನೂ ಜೊತೆಗಿಟ್ಟುಕೊಂಡು. ಮುಂಬಯಿಯ ಭವ್ಯ ವಿಕ್ಟೋರಿಯಾ ಟರ್ಮಿನಸ್ಸಿಗೆ ಆ ಮಾನ ಸಿಕ್ಕಿದ್ದು ಐದು ವರ್ಷ ತಡವಾಗಿ!

ಕೈಮರ ಸಿಗ್ನಲ್ಲಿನ ಹಸಿರು ದೀಪದ ಗಾಜು ಅಚ್ಚ ಹಸಿರಲ್ಲ, ನೀಲಿ ಬೆರೆತದ್ದು. ಒಳಗಿನ ಸೀಮೆಎಣ್ಣೆ ದೀಪದ ಹಳದಿ ಬೆಳಕು ಅದರ ಮೂಲಕ ಹಾಯ್ದಾಗ ದೂರದಲ್ಲಿದ್ದ ಡ್ರೈವರಿಗೆ ಹಸಿರಾಗಿ ಕಾಣುತ್ತಿತ್ತು.

ಹಳೇ ಪ್ಲಾಟ್‌ಫಾರಂಗಳ ಚಾವಣಿ ಕಂಬಗಳು ಎಷ್ಟೋ ಕಡೆ ಸವೆದ ಹಳಿಗಳೇ. ಹಳಿಯ ನಡುಪಟ್ಟಿಯ ಮೇಲೆ ಉಬ್ಬಕ್ಷರದಲ್ಲಿ ಅದನ್ನು ತಯಾರಿಸಿದ ಕಾರ್ಖಾನೆಯ ಹೆಸರೂ ಇಸವಿಯೂ ಇರುತ್ತವೆ. ಬಣ್ಣದ ಮೇಲೆ ಬಣ್ಣ ಬಿದ್ದು ಕಣ್ಣಿಗೆ ಕಾಣದಿದ್ದರೆ ಬೆರಳಾಡಿಸಿ ನೋಡಿ, ನಿಲ್ದಾಣಕ್ಕಿಂತಲೂ ಹಿಂದಿನ ಇಸವಿ ಸಿಕ್ಕೀತು.