ಅವ್ವಾ, ಇದು ಯಾವ ಹಕ್ಕಿಯ ಮರಿ?

ಮಳೆಗಾಲಕ್ಕೆ ಮುಂಚೆ ಒಂದು ಜೋರು ಗಾಳಿ ಬೀಸಿತೆಂದರೆ ಸಾಕು, ಹಿತ್ತಲಲ್ಲಿ ಒಂದಾದರೂ ಹಕ್ಕಿಮರಿ ಬಿದ್ದಿರುತ್ತದೆ. ಮಗ ಅದನ್ನು ಬೊಗಸೆಯಲ್ಲಿ ಹಿಡಿದು ಅಡಿಗೆಮನೆಗೆ ಓಡಿಬರುತ್ತಾನೆ. "ಅಯ್ಯೋ ಪಾಪ, ಒಂದಿಷ್ಟು ಹಾಲು ಹಾಕು" ಎಂದುಬಿಡುತ್ತೀರಿ, ಅಲ್ಲವೆ? ತಾಳಿ ಸೋದರಿ! ಹಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ. ಬಾಯಿಗೆ ನೀರು ಬಿಟ್ಟರೂ ಅಪಾಯವೇ. ಉಸಿರುನಾಳದ ಬಾಯಿ ನಾಲಗೆಯ ಬುಡದಲ್ಲೇ ಇರುವುದರಿಂದ ನೀರು ನೇರ ಅಲ್ಲಿಗೆ ಇಳಿದು ಮರಿ ಸಾಯಬಹುದು. ಅದು ಯಾರ ಮರಿ, ಎಷ್ಟು ದೊಡ್ಡದು ಎಂದು ಮೊದಲು ತಿಳಿಯಬೇಕು.

ಖಾನಾಪುರ ತಾಲ್ಲೂಕಿನ ಕಣಕುಂಬಿಯಂಥ ಊರಲ್ಲಿ ಇದು ಇನ್ನೂ ಕಷ್ಟ. ಮಲಪ್ರಭೆ ಹುಟ್ಟುವ ಈ ಊರಿನ ಸುತ್ತ ಸಹ್ಯಾದ್ರಿಯ ಕಾಡು. ಅದೇ ಸೀಮೆಯ ಭೀಮಗಡದ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಸಾರಿದರು. ಬೆಳಗಾವಿ ಪೇಟೆಯಲ್ಲಾದರೆ ಬಿದ್ದ ಮರಿ ಹೆಚ್ಚಾಗಿ ಕಾಗೆ, ಪಾರಿವಾಳ, ಗೊರವಂಕಗಳದ್ದು. ಇಲ್ಲಿ ಪಿಕಳಾರ, ಕುಟ್ರುಹಕ್ಕಿ, ಕಾಡುಕೋಳಿ, ಯಾವುದರದ್ದೂ ಆದೀತು.

ಬಣ್ಣ ನಂಬಬೇಡಿ

ಮರಿಗೆ ತಾಯಿಯ ಬಣ್ಣ ಇರುವುದಿಲ್ಲ. ಕೆಂಪು ಕೆನ್ನೆಯ ಪಿಕಳಾರದ ಮರಿಗೆ ಆ ಕೆನ್ನೆಯ ಕೆಂಪೇ ಇರದು! ಆದ್ದರಿಂದ ಕೊಕ್ಕು, ಕಾಲು, ಗೂಡು ಈ ಮೂರನ್ನು ನೋಡಿ.

ಕೊಕ್ಕು: ಮೋಟಾಗಿ, ದಪ್ಪವಾಗಿದ್ದರೆ ಗುಬ್ಬಿಯಂಥ ಕಾಳು ತಿನ್ನುವ ಹಕ್ಕಿ. ಸಪೂರವಾಗಿ ತುಸು ಬಾಗಿದ್ದರೆ, ಮರಿ ಹೆಬ್ಬೆರಳಿನಷ್ಟೇ ಇದ್ದರೆ, ಸೂರಕ್ಕಿ ಇರಬಹುದು. ಮೆತ್ತನೆಯ ಅಗಲ ಕೊಕ್ಕು, ಮೈಮೇಲೆ ಹಳದಿ ಎಳೆಗೂದಲು ಇದ್ದರೆ ಪಾರಿವಾಳ ಅಥವಾ ಬೆಳವ. ಕೊಕ್ಕು ಕೊಕ್ಕೆಯಂತೆ ಬಾಗಿ, ಉಗುರೂ ಚೂಪಾಗಿದ್ದರೆ ಹದ್ದು, ಗೂಬೆಗಳ ಪೈಕಿ. ಅಂಥದನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಕಾಲು: ಮೂರು ಬೆರಳು ಮುಂದೆ, ಒಂದು ಹಿಂದೆ ಇರುವುದು ಸಾಮಾನ್ಯ. ಎರಡು ಮುಂದೆ, ಎರಡು ಹಿಂದೆ ಇದ್ದರೆ ಗಿಳಿ, ಕುಟ್ರುಹಕ್ಕಿ, ಮರಕುಟಿಗ ಅಥವಾ ಕೋಗಿಲೆಯ ಬಳಗ. ಮೈತುಂಬ ತುಪ್ಪಳವಿದ್ದು ಕೋಳಿಮರಿಯ ಹಾಗೆ ಸರಸರ ಓಡುತ್ತಿದ್ದರೆ ಅದು ಕಾಡುಕೋಳಿ, ನವಿಲು ಅಥವಾ ಟಿಟ್ಟಿಭದ್ದು. ತಾಯಿ ಹತ್ತಿರದಲ್ಲೇ ಇರುತ್ತಾಳೆ, ಹಿಡಿಯಬೇಡಿ.

ಗೂಡು: ದಾಸವಾಳದ ಪೊದೆಯಲ್ಲಿ ಬಟ್ಟಲಿನಂಥ ಗೂಡಿದ್ದರೆ ಪಿಕಳಾರ. ಎಲೆ ಹೊಲಿದಿದ್ದರೆ ಸಿಂಪಿಗ. ತೂಗುವ ಚೀಲದಂತಿದ್ದರೆ ಸೂರಕ್ಕಿ. ನಾಲ್ಕು ಕಡ್ಡಿ ಇಟ್ಟು ಮುಗಿಸಿದ ಗೂಡು ಬೆಳವನದು!

ಎರಡು ಕಡೆ ಮೋಸ ಹೋಗುತ್ತೇವೆ

ಕಾಗೆ ಉಣಿಸುತ್ತಿದೆ, ಹಾಗಾದರೆ ಕಾಗೆಮರಿಯೇ ಎನ್ನಬೇಡಿ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಹಳೆಯ ಕವಿಗಳು ಅದನ್ನು ಪರಪುಷ್ಟ, ಅಂದರೆ ಬೇರೆಯವರು ಸಾಕಿದ್ದು, ಎಂದು ಕರೆದದ್ದು ಸುಮ್ಮನೆ ಅಲ್ಲ. ಸಂಶಯ ಬಂದರೆ ಬೆರಳು ಎಣಿಸಿ: ಎರಡು ಹಿಂದಿದ್ದರೆ ಕೋಗಿಲೆ.

ಇನ್ನೊಂದು, ಅಟ್ಟದ ಮೇಲಿನ ಗೂಬೆಮರಿ. ಮೈಗೆ ಬಿಳಿ ತುಪ್ಪಳ, ಹೃದಯದಾಕಾರದ ಮುಖ, ಹತ್ತಿರ ಹೋದರೆ ಹಾವಿನ ಹಾಗೆ ಬುಸ್ಸೆನ್ನುತ್ತದೆ. "ಅಪಶಕುನ" ಅಂತ ಹೆದರಿ ಕೋಲು ಎತ್ತುವವರೇ ಹೆಚ್ಚು. ನಿಮ್ಮ ಭತ್ತದ ಚೀಲಕ್ಕೆ ಹಲ್ಲು ಹಚ್ಚುವ ಇಲಿಗಳನ್ನು ಹಿಡಿಯುವ ಹಕ್ಕಿ ಅದು. ಅದರ ಪಾಡಿಗೆ ಬಿಟ್ಟುಬಿಡಿ.

ಈಗ ಏನು ಮಾಡಬೇಕು?

ಮೈಮೇಲೆ ಗರಿ ಬಂದು, ಬಾಲ ಮೋಟಾಗಿ, ಕುಪ್ಪಳಿಸುತ್ತಿದ್ದರೆ ಮರಿ ಹಾರಲು ಕಲಿಯುತ್ತಿದೆ ಎಂದರ್ಥ. ಬೆಕ್ಕಿಗೆ ಸಿಗದಂತೆ ತಗ್ಗು ಕೊಂಬೆಯ ಮೇಲೆ ಕೂರಿಸಿ. ಗರಿಯಿಲ್ಲದ ಮರಿಯನ್ನು ಗೂಡಿಗೇ ಮರಳಿಸಿ. ಮನುಷ್ಯರ ಕೈ ಸೋಕಿದರೆ ತಾಯಿ ಮುಟ್ಟೋದಿಲ್ಲ ಅಂತ ಹಿರಿಯರು ಹೇಳುತ್ತಾರೆ, ಅದು ನಿಜವಲ್ಲ. ಗೂಡೇ ಹಾಳಾಗಿದ್ದರೆ ಸಣ್ಣ ಬಿದಿರಿನ ಬುಟ್ಟಿಗೆ ಒಣಹುಲ್ಲು ಹಾಕಿ, ಮಳೆ ತಾಗದ ಹಾಗೆ, ಅದೇ ಗಿಡಕ್ಕೆ ಕಟ್ಟಿ. ಆಮೇಲೆ ಕಿಟಕಿಯಿಂದ ಒಂದೆರಡು ತಾಸು ಕಾದು ನೋಡಿ. ನೀವು ಬಳಿಯಲ್ಲೇ ನಿಂತರೆ ತಾಯಿ ಬರುವುದಿಲ್ಲ.

ನಾವೇ ಸಾಕೋಣ ಎಂದರೆ? ಕಾಳು ತಿನ್ನುವ ಗುಬ್ಬಿ ಕೂಡ ಮರಿಗೆ ಹುಳುಹುಪ್ಪಟೆಯನ್ನೇ ತಂದು ಕೊಡುತ್ತದೆ. ಪಾರಿವಾಳವೋ, ತನ್ನ ಗಂಟಲಚೀಲದಲ್ಲಿ ಊರುವ ಗಿಣ್ಣಿನಂಥದನ್ನು ಮರಿಯ ಬಾಯಿಗೆ ಇಳಿಸುತ್ತದೆ. ಈ ಅಡಿಗೆ ನಮ್ಮ ಒಲೆಯ ಮೇಲೆ ಆಗುವಂಥದ್ದಲ್ಲ. ಮೇಲಾಗಿ ಗಿಳಿ, ಗೊರವಂಕದಂಥ ಕಾಡುಹಕ್ಕಿಗಳನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಗಾಯವಾಗಿದ್ದರೆ, ಬೆಕ್ಕು ಕಚ್ಚಿದ್ದರೆ, ಇಲ್ಲವೆ ತಾಯಿ ಬಾರದೇ ಹೋದರೆ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಹಳೆಯ ಮೆತ್ತನೆಯ ಬಟ್ಟೆ ಹಾಸಿ ಮರಿಯನ್ನು ಬೆಚ್ಚಗೆ, ಕತ್ತಲಲ್ಲಿ ಇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ, ಇಲ್ಲವೆ ಹತ್ತಿರದ ಪಶುವೈದ್ಯರಿಗೆ ತೋರಿಸಿ. ಕೊಕ್ಕು ಹೇಗಿದೆ, ಬೆರಳು ಹೇಗಿವೆ, ಎಲ್ಲಿ ಸಿಕ್ಕಿತು ಎಂದು ನೀವು ಹೇಳಿದರೆ, ಏನು ಮಾಡಬೇಕೆಂದು ತಿಳಿಸಲು ಅವರಿಗೂ ಸುಲಭವಾಗುತ್ತದೆ.