ಹುಟ್ಟುಹಬ್ಬದ ಉಡುಗೊರೆ

ಮಗುವಿನ ಹುಟ್ಟುಹಬ್ಬ. ಓಣಿಯವರೆಲ್ಲ ಬಂದಿದ್ದಾರೆ. ಒಬ್ಬರು ದೊಡ್ಡ ಬೊಂಬೆ ತಂದರು. ಕೂಲಿ ಮಾಡುವ ಅಕ್ಕ ಒಂದು ಪೆನ್ಸಿಲ್ ತಂದಳು. ಎಲ್ಲರ ಮುಂದೆ ಪೊಟ್ಟಣ ಬಿಚ್ಚಿದರೆ ಏನಾಗುತ್ತೆ? ಅಕ್ಕ ತಲೆ ತಗ್ಗಿಸುತ್ತಾಳೆ. ಮುಂದಿನ ಸಲ ಅವಳು ಬರೋದೇ ಇಲ್ಲ. ಅದಕ್ಕೇ ನಾವು ಬಂದವರೆಲ್ಲ ಹೋದ ಮೇಲೆ ಬಿಚ್ಚೋಣ.

ಪೊಟ್ಟಣದ ಮೇಲಿನ ಹೆಸರು ಓದೋಣ. ಈಗ ನಮಗೆ ಓದೋಕೆ ಬರುತ್ತಲ್ಲ! ಮದುವೆ ಮುಯ್ಯಿ ಬರೆಯುವ ಹಾಗೆ, ಯಾರು ಏನು ಕೊಟ್ಟರು ಬರೆದಿಡೋಣ. ಬೆಲೆ ಬರೆಯೋದು ಬೇಡ.

ಆಟದ ಸಾಮಾನಿನಲ್ಲಿ ಗುಂಡಿಯಂಥ ಸಣ್ಣ ಬ್ಯಾಟರಿ ಇದೆಯೇ ನೋಡೋಣ. ಮಗು ಅದನ್ನು ನುಂಗಿದರೆ 2 ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿದ್ದು ಗೊತ್ತಾದ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಾರನೆಯ ದಿನ ಅಕ್ಕನ ಮನೆಗೆ ಮಗುವನ್ನು ಕಳಿಸೋಣ. ‘ಅತ್ತೆ, ನಿಮ್ಮ ಪೆನ್ಸಿಲಲ್ಲೇ ಬರೆದೆ’ ಅಂತ ಹೇಳಿಸೋಣ.