ಬೊಜ್ಜು ಶಸ್ತ್ರಚಿಕಿತ್ಸೆಯ ನಂತರದ ತೂಕ ಸ್ಥಗಿತ

ಬೊಜ್ಜು ನಿವಾರಣೆಗಾಗಿ ಜಠರ ಅಥವಾ ಕರುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ, ಆರಂಭದಲ್ಲಿ ವೇಗವಾಗಿ ಇಳಿಯುತ್ತಿದ್ದ ದೇಹತೂಕವು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಇಳಿಯದೆ ನಿಲ್ಲುವ ಸ್ಥಿತಿಯನ್ನು ತೂಕ ಸ್ಥಗಿತ ಎಂದು ಕರೆಯಲಾಗುತ್ತದೆ. ಇದು ಸಾಮಾನ್ಯವಾಗಿ ಎರಡನೆಯ ಮತ್ತು ಆರನೆಯ ವಾರಗಳ ನಡುವೆ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ. ಮೂರನೆಯ ವಾರದ ಆಸುಪಾಸಿನಲ್ಲಿ ಹೆಚ್ಚಾಗಿ ಕಂಡುಬರುವುದರಿಂದ 'ಮೂರನೆಯ ವಾರದ ಸ್ಥಗಿತ' ಎಂಬ ಹೆಸರೂ ರೋಗಿಗಳ ನಡುವೆ ಬಳಕೆಯಲ್ಲಿದೆ. ಈ ಅವಧಿಯಲ್ಲಿ ರೋಗಿಯ ಆಹಾರ ಅತ್ಯಲ್ಪವಾಗಿರುವುದರಿಂದ, ತೂಕದ ಯಂತ್ರದ ಮುಳ್ಳು ಕದಲದಿರುವುದು ಆತಂಕಕ್ಕೆ ಕಾರಣವಾಗುತ್ತದೆ. ಬಹುತೇಕ ಸಂದರ್ಭಗಳಲ್ಲಿ ದೇಹದಲ್ಲಿ ಕೊಬ್ಬು ಕರಗುತ್ತಲೇ ಇರುತ್ತದೆ. ದೇಹದಲ್ಲಿ ಮರಳಿ ಸೇರುವ ನೀರಿನ ತೂಕವು ಆ ಇಳಿಕೆಯನ್ನು ಮರೆಮಾಡುತ್ತದೆ. ಇದನ್ನು ಅರಿಯದೆ ಆಹಾರವನ್ನು ಮತ್ತಷ್ಟು ಕಡಿಮೆ ಮಾಡುವುದು ಅಪಾಯಕಾರಿ.

ಹಿನ್ನೆಲೆ

ತೂಕ ಇಳಿಕೆಯ ಉದ್ದೇಶದಿಂದ ಸಣ್ಣ ಕರುಳಿನ ಮಾರ್ಗವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯನ್ನು 1954ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ವೈದ್ಯರು ವರದಿ ಮಾಡಿದರು. ಅದರ ದುಷ್ಪರಿಣಾಮಗಳು ತೀವ್ರವಾಗಿದ್ದುದರಿಂದ ಆ ವಿಧಾನವು ಕ್ರಮೇಣ ಕೈಬಿಟ್ಟುಹೋಯಿತು. 1967ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಅವರು ಗ್ಯಾಸ್ಟ್ರಿಕ್ ಬೈಪಾಸ್ ವಿಧಾನವನ್ನು ಪ್ರಕಟಿಸಿದರು.

ಇಂದು ಎರಡು ವಿಧಗಳು ಹೆಚ್ಚು ಪ್ರಚಲಿತದಲ್ಲಿವೆ.

ಸ್ಲೀವ್ ಗ್ಯಾಸ್ಟ್ರೆಕ್ಟಮಿ: ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕಿ, ಉಳಿದ ಭಾಗವನ್ನು ಕಿರಿದಾದ ಕೊಳವೆಯ ಆಕಾರದಲ್ಲಿ ಉಳಿಸಲಾಗುತ್ತದೆ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನಿನ ಬಹುಪಾಲು ಜಠರದ ಮೇಲ್ಭಾಗದಲ್ಲಿ ಉತ್ಪತ್ತಿಯಾಗುವುದರಿಂದ, ಆ ಭಾಗವನ್ನು ತೆಗೆದ ಮೇಲೆ ಹಸಿವು ಗಣನೀಯವಾಗಿ ಕುಗ್ಗುತ್ತದೆ.

ಗ್ಯಾಸ್ಟ್ರಿಕ್ ಬೈಪಾಸ್: ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ರೂಪಿಸಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸಲಾಗುತ್ತದೆ. ಆಹಾರವು ಜಠರದ ಉಳಿದ ಭಾಗವನ್ನೂ ಸಣ್ಣ ಕರುಳಿನ ಆರಂಭದ ಭಾಗವನ್ನೂ ಮುಟ್ಟದೆ ಮುಂದೆ ಸಾಗುತ್ತದೆ.

ಎರಡೂ ವಿಧಗಳಲ್ಲಿ ತೂಕ ಇಳಿಕೆಯು ಮೊದಲ ಆರು ತಿಂಗಳಲ್ಲಿ ವೇಗವಾಗಿದ್ದು, ಸಾಮಾನ್ಯವಾಗಿ ಒಂದರಿಂದ ಎರಡು ವರ್ಷಗಳೊಳಗೆ ತನ್ನ ಗರಿಷ್ಠ ಮಟ್ಟವನ್ನು ತಲುಪುತ್ತದೆ. ಈ ಇಳಿಕೆಯು ಒಂದೇ ಸಮನೆ ಸಾಗದೆ, ಮೆಟ್ಟಿಲುಗಳಂತೆ ಇಳಿಯುತ್ತ, ನಿಲ್ಲುತ್ತ ಸಾಗುವುದು ಸಹಜ.

ಆರಂಭದ ಕ್ಯಾಲೊರಿ ಸೇವನೆ

ಬಳಕೆಯ ಮಾತಿನಲ್ಲಿ 'ಕ್ಯಾಲೊರಿ' ಎನ್ನುವುದು ವೈಜ್ಞಾನಿಕವಾಗಿ ಕಿಲೋಕ್ಯಾಲೊರಿ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ರೋಗಿಯ ದಿನದ ಆಹಾರವು ಸಾಮಾನ್ಯವಾಗಿ 400ರಿಂದ 800 ಕಿಲೋಕ್ಯಾಲೊರಿಗಳಷ್ಟಿರುತ್ತದೆ. ಮೊದಲ ಕೆಲವು ದಿನಗಳಲ್ಲಿ ಅದಕ್ಕಿಂತಲೂ ಕಡಿಮೆ. ತಿಂಗಳುಗಳು ಕಳೆದಂತೆ ಇದು ನಿಧಾನವಾಗಿ ಏರಿ, ವರ್ಷದ ಕೊನೆಯ ವೇಳೆಗೆ ಅನೇಕರಲ್ಲಿ 1,000ದಿಂದ 1,200ರ ಆಸುಪಾಸಿಗೆ ಬರುತ್ತದೆ.

ಆಹಾರದ ಹಂತಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬದಲಾದರೂ ಕ್ರಮ ಒಂದೇ: ಮೊದಲು ತಿಳಿಯಾದ ದ್ರವಗಳು, ಬಳಿಕ ಹಾಲು, ಮಜ್ಜಿಗೆಯಂತಹ ಗಟ್ಟಿ ದ್ರವಗಳು, ಅನಂತರ ನುಣ್ಣಗೆ ಅರೆದ ಆಹಾರ, ಆಮೇಲೆ ಮೆತ್ತನೆಯ ಆಹಾರ, ಕೊನೆಯಲ್ಲಿ ಸಾಮಾನ್ಯ ಆಹಾರ. ಈ ಹಂತಗಳನ್ನು ದಾಟಲು ಸುಮಾರು ಆರರಿಂದ ಎಂಟು ವಾರಗಳು ಬೇಕಾಗುತ್ತವೆ.

ಈ ಅವಧಿಯಲ್ಲಿ ವೈದ್ಯರು ಕ್ಯಾಲೊರಿಗಳ ಮೊತ್ತಕ್ಕಿಂತ ಮೂರು ಸಂಗತಿಗಳಿಗೆ ಹೆಚ್ಚಿನ ಮಹತ್ವ ನೀಡುತ್ತಾರೆ: ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್, ಸುಮಾರು ಒಂದೂವರೆ ಲೀಟರ್ ದ್ರವ ಹಾಗೂ ತಪ್ಪದೆ ಸೇವಿಸಬೇಕಾದ ಜೀವಸತ್ವ ಮತ್ತು ಖನಿಜಗಳ ಮಾತ್ರೆಗಳು.

ತೂಕ ಇಳಿಕೆಯ ಲೆಕ್ಕಾಚಾರ

ತೂಕ ಸ್ಥಗಿತವನ್ನು ಅರ್ಥಮಾಡಿಕೊಳ್ಳಲು ಮೊದಲ ವಾರದ ವೇಗದ ಇಳಿಕೆಯನ್ನು ಅರ್ಥಮಾಡಿಕೊಳ್ಳಬೇಕು. ದೇಹದ ಕೊಬ್ಬಿನ ಅಂಗಾಂಶದ ಒಂದು ಕಿಲೋಗ್ರಾಂನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿದೆ. ಉದಾಹರಣೆಗೆ, ದಿನಕ್ಕೆ 2,200 ಕಿಲೋಕ್ಯಾಲೊರಿ ವ್ಯಯಿಸುವ ವ್ಯಕ್ತಿಯೊಬ್ಬರು ಶಸ್ತ್ರಚಿಕಿತ್ಸೆಯ ನಂತರ 500 ಕಿಲೋಕ್ಯಾಲೊರಿ ಮಾತ್ರ ಸೇವಿಸುತ್ತಾರೆ ಎಂದಿಟ್ಟುಕೊಳ್ಳೋಣ. ದಿನದ ಕೊರತೆ 1,700; ವಾರಕ್ಕೆ 11,900. ಈ ಕೊರತೆ ಪೂರ್ತಿಯಾಗಿ ಕೊಬ್ಬಿನಿಂದಲೇ ತುಂಬಿಬಂದರೂ ವಾರದಲ್ಲಿ ಕರಗುವ ಕೊಬ್ಬು ಸುಮಾರು ಒಂದೂವರೆ ಕಿಲೋ ಮಾತ್ರ.

ಅದೇ ವ್ಯಕ್ತಿಯ ತೂಕ ಮೊದಲ ವಾರದಲ್ಲಿ ನಾಲ್ಕು ಕಿಲೋ ಇಳಿದಿದ್ದರೆ, ಉಳಿದ ಎರಡೂವರೆ ಕಿಲೋಗಳಲ್ಲಿ ಹೆಚ್ಚಿನದು ನೀರು. ಹೀಗೆ ಹೊರಹೋದ ನೀರಿನ ಒಂದು ಭಾಗವು ಮುಂದಿನ ವಾರಗಳಲ್ಲಿ ಮರಳಿ ಸೇರಿದಾಗ, ಅದೇ ಕಾಲದಲ್ಲಿ ಕರಗುತ್ತಿರುವ ಕೊಬ್ಬಿನ ತೂಕವನ್ನು ಸರಿದೂಗಿಸುತ್ತದೆ. ಕೊಬ್ಬು ಒಂದು ಕಿಲೋ ಕರಗಿ, ನೀರು ಒಂದು ಕಿಲೋ ಸೇರಿದರೆ ಯಂತ್ರವು ತೋರಿಸುವ ಬದಲಾವಣೆ ಸೊನ್ನೆ.

ಕಾರಣಗಳು

ಗ್ಲೈಕೋಜನ್ ಮತ್ತು ನೀರು

ದೇಹವು ಸೇವಿಸಿದ ಶರ್ಕರಪಿಷ್ಟದ ಒಂದು ಭಾಗವನ್ನು ಗ್ಲೈಕೋಜನ್ ರೂಪದಲ್ಲಿ ಸಂಗ್ರಹಿಸುತ್ತದೆ. ವಯಸ್ಕರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಹಾಗೂ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ ಇರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಆಹಾರ ತೀವ್ರವಾಗಿ ಕಡಿಮೆಯಾದಾಗ ದೇಹವು ಮೊದಲು ಈ ಸಂಗ್ರಹವನ್ನು ಬಳಸುತ್ತದೆ. ಗ್ಲೈಕೋಜನ್ ಖರ್ಚಾದಂತೆ ನೀರೂ ಮೂತ್ರದ ಮೂಲಕ ಹೊರಹೋಗುತ್ತದೆ. ಇದರಿಂದಲೇ ಒಂದೂವರೆಯಿಂದ ಎರಡು ಕಿಲೋವರೆಗೆ ತೂಕ ಇಳಿಯಬಹುದು. ಯಕೃತ್ತನ್ನು ಕುಗ್ಗಿಸುವ ಸಲುವಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ಕಡಿಮೆ ಕ್ಯಾಲೊರಿಯ ಪಥ್ಯ ಪಾಲಿಸಿದವರಲ್ಲಿ ಈ ಇಳಿಕೆಯ ಒಂದು ಭಾಗ ಆಗಲೇ ಆಗಿರುತ್ತದೆ. ಮೂರನೆಯ ವಾರದ ಹೊತ್ತಿಗೆ ಆಹಾರವು ದ್ರವದಿಂದ ಮೆತ್ತನೆಯ ಹಂತಕ್ಕೆ ತಲುಪಿ, ಶರ್ಕರಪಿಷ್ಟದ ಪ್ರಮಾಣ ಸ್ವಲ್ಪ ಹೆಚ್ಚಿದಾಗ, ಗ್ಲೈಕೋಜನ್ ಭಾಗಶಃ ಮರಳಿ ತುಂಬಿಕೊಳ್ಳುತ್ತದೆ. ಅದರೊಂದಿಗೆ ನೀರೂ ಮರಳುತ್ತದೆ.

ಸೋಡಿಯಂ ಮತ್ತು ಮೂತ್ರಪಿಂಡ

ಉಪವಾಸ ಅಥವಾ ಅತ್ಯಲ್ಪ ಆಹಾರದ ಮೊದಲ ದಿನಗಳಲ್ಲಿ ಇನ್ಸುಲಿನ್ ಮಟ್ಟ ಇಳಿಯುವುದರಿಂದ ಮೂತ್ರಪಿಂಡಗಳು ಹೆಚ್ಚು ಸೋಡಿಯಂ ಮತ್ತು ನೀರನ್ನು ಹೊರಹಾಕುತ್ತವೆ. ಕೆಲವು ದಿನಗಳಲ್ಲಿ ದೇಹವು ಇದಕ್ಕೆ ಹೊಂದಿಕೊಂಡು ನಷ್ಟವನ್ನು ತಡೆಯುತ್ತದೆ. ಶರ್ಕರಪಿಷ್ಟವುಳ್ಳ ಆಹಾರ ಮತ್ತೆ ಆರಂಭವಾದಾಗ ಇನ್ಸುಲಿನ್ ಸ್ವಲ್ಪ ಏರಿ, ಸೋಡಿಯಂ ಮತ್ತು ನೀರು ದೇಹದಲ್ಲಿ ಉಳಿಯುತ್ತವೆ.

ಶಸ್ತ್ರಚಿಕಿತ್ಸೆಯ ಪ್ರಭಾವ

ಯಾವುದೇ ದೊಡ್ಡ ಶಸ್ತ್ರಚಿಕಿತ್ಸೆಗೆ ದೇಹವು ಗಾಯಕ್ಕೆ ಸ್ಪಂದಿಸುವಂತೆಯೇ ಸ್ಪಂದಿಸುತ್ತದೆ. ಕಾರ್ಟಿಸಾಲ್, ಆಲ್ಡೋಸ್ಟೆರೋನ್ ಮುಂತಾದ ಹಾರ್ಮೋನುಗಳು ಹೆಚ್ಚಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತವೆ. ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ನೀಡುವ ಪ್ರತಿ ಲೀಟರ್ ಸಲೈನ್‌ನಲ್ಲಿ 9 ಗ್ರಾಂ ಉಪ್ಪಿರುತ್ತದೆ. ಆದ್ದರಿಂದ ಕೆಲವರು ಆಸ್ಪತ್ರೆಗೆ ದಾಖಲಾದಾಗ ಇದ್ದುದಕ್ಕಿಂತ ಹೆಚ್ಚು ತೂಕದೊಂದಿಗೆ ಮನೆಗೆ ಮರಳುವುದೂ ಉಂಟು.

ಇತರ ಕಾರಣಗಳು

ಆಹಾರದ ಪ್ರಮಾಣ ಮತ್ತು ನಾರಿನಂಶ ಕಡಿಮೆಯಾಗಿರುವುದರಿಂದ ಉಂಟಾಗುವ ಮಲಬದ್ಧತೆ, ಋತುಚಕ್ರದ ಆಸುಪಾಸಿನ ನೀರಿನ ಏರಿಳಿತ ಹಾಗೂ ಕೆಲವು ಔಷಧಗಳೂ ಅರ್ಧದಿಂದ ಎರಡು ಕಿಲೋವರೆಗಿನ ವ್ಯತ್ಯಾಸವನ್ನು ಉಂಟುಮಾಡಬಲ್ಲವು.

ಚಯಾಪಚಯ ದರದ ಇಳಿಕೆ

ಆಹಾರ ಕಡಿಮೆಯಾದಾಗ ದೇಹವು ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿಯೂ ಕಡಿಮೆಯಾಗುತ್ತದೆ. ಇದನ್ನು ವಿವರವಾಗಿ ದಾಖಲಿಸಿದ ಪ್ರಸಿದ್ಧ ಅಧ್ಯಯನವೆಂದರೆ 1944–45ರಲ್ಲಿ ಆನ್ಸೆಲ್ ಕೀಸ್ ಅವರ ನೇತೃತ್ವದಲ್ಲಿ ನಡೆದ ಮಿನೆಸೋಟಾ ಹಸಿವಿನ ಪ್ರಯೋಗ. 36 ಆರೋಗ್ಯವಂತ ಪುರುಷ ಸ್ವಯಂಸೇವಕರಿಗೆ ಆರು ತಿಂಗಳ ಕಾಲ ದಿನಕ್ಕೆ ಸುಮಾರು 1,570 ಕಿಲೋಕ್ಯಾಲೊರಿ ಆಹಾರ ನೀಡಲಾಯಿತು. ಅವರು ತಮ್ಮ ತೂಕದ ಸುಮಾರು ನಾಲ್ಕನೆಯ ಒಂದು ಭಾಗವನ್ನು ಕಳೆದುಕೊಂಡರು. ಚಯಾಪಚಯ ದರವೂ ಗಮನಾರ್ಹವಾಗಿ ಇಳಿಯಿತು. ಅವರ ಕಾಲುಗಳಲ್ಲಿ ನೀರು ತುಂಬಿ ಬಾವು ಕಾಣಿಸಿಕೊಂಡದ್ದೂ ದಾಖಲಾಗಿದೆ. ದೇಹದ ಅಂಗಾಂಶ ಕರಗುತ್ತಿರುವಾಗಲೇ ನೀರು ಸೇರಿ ಆ ಇಳಿಕೆಯನ್ನು ಭಾಗಶಃ ಮುಚ್ಚಬಲ್ಲುದು ಎಂಬುದಕ್ಕೆ ಇದೊಂದು ನಿದರ್ಶನ. ಆ ಪ್ರಯೋಗವು ಬೊಜ್ಜಿಲ್ಲದ ಯುವಕರ ಮೇಲೆ ನಡೆದುದರಿಂದ, ಅದರ ಅಂಕಿಅಂಶಗಳನ್ನು ಬೊಜ್ಜು ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಹಾಗೆಯೇ ಅನ್ವಯಿಸಲಾಗದು.

ತಪ್ಪು ತಿಳಿವಳಿಕೆಗಳು

'ದೇಹವು ಹಸಿವಿನ ಸ್ಥಿತಿಗೆ ಹೋಗಿ ಕೊಬ್ಬನ್ನು ಬಿಟ್ಟುಕೊಡುವುದಿಲ್ಲ'

ಚಯಾಪಚಯ ದರ ಇಳಿಯುವುದು ನಿಜ. ಆದರೆ ಆ ಇಳಿಕೆಯು ಅಷ್ಟು ದೊಡ್ಡ ಕೊರತೆಯನ್ನು ತುಂಬಲಾರದು. ಮೇಲಿನ ಉದಾಹರಣೆಯ ವ್ಯಕ್ತಿಯ ದಿನದ ವ್ಯಯ ಶೇ. 15ರಷ್ಟು ಇಳಿದು 1,870 ಆಯಿತೆಂದೂ, ಸೇವನೆ 600ಕ್ಕೆ ಏರಿತೆಂದೂ ಭಾವಿಸಿದರೆ, ದಿನಕ್ಕೆ 1,270 ಕಿಲೋಕ್ಯಾಲೊರಿ ಕೊರತೆ ಉಳಿದೇ ಇರುತ್ತದೆ. ವಾರಕ್ಕೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಕೊಬ್ಬು ಕರಗಲು ಇಷ್ಟು ಸಾಕು.

'ಇನ್ನೂ ಕಡಿಮೆ ತಿಂದರೆ ತೂಕ ಇಳಿಯುತ್ತದೆ'

ಇದು ಹೆಚ್ಚು ಅಪಾಯಕಾರಿಯಾದ ತಿಳಿವಳಿಕೆ. 600 ಕಿಲೋಕ್ಯಾಲೊರಿಯನ್ನು 400ಕ್ಕೆ ಇಳಿಸಿದರೆ ವಾರಕ್ಕೆ ಉಳಿಯುವುದು 1,400 ಕಿಲೋಕ್ಯಾಲೊರಿ. ಕೊಬ್ಬಿನ ಲೆಕ್ಕದಲ್ಲಿ ಅದು 200 ಗ್ರಾಂಗಿಂತ ಕಡಿಮೆ. ಅಷ್ಟು ಅಲ್ಪ ಲಾಭಕ್ಕಾಗಿ ಪ್ರೋಟೀನ್, ನೀರು ಮತ್ತು ಜೀವಸತ್ವಗಳ ಕೊರತೆಯನ್ನು ಆಹ್ವಾನಿಸಿದಂತಾಗುತ್ತದೆ. ಇದೇ ಕಾರಣದಿಂದ, ವ್ರತದ ನಿಮಿತ್ತ ನೀರನ್ನೂ ಬಿಟ್ಟು ಆಚರಿಸುವ ಉಪವಾಸವು ಈ ಅವಧಿಗೆ ಸಲ್ಲದು.

ಆಹಾರವನ್ನು ಅತಿಯಾಗಿ ಕಡಿಮೆ ಮಾಡುವುದರ ಪರಿಣಾಮಗಳು

ಸ್ನಾಯು ನಷ್ಟ: ಪ್ರೋಟೀನ್ ಸಾಲದಿದ್ದರೆ ದೇಹವು ಸ್ನಾಯುಗಳನ್ನು ಕರಗಿಸಿಕೊಳ್ಳುತ್ತದೆ. ಯಂತ್ರದ ಮೇಲೆ ಇದು ತೂಕ ಇಳಿಕೆಯಾಗಿಯೇ ಕಾಣುತ್ತದೆ. ಆದರೆ ನಿಶ್ಶಕ್ತಿ ಹೆಚ್ಚಿ, ಗಾಯ ಮಾಯುವುದು ತಡವಾಗುತ್ತದೆ.

ಥಯಾಮಿನ್ ಕೊರತೆ: ಥಯಾಮಿನ್ ಅಥವಾ ಜೀವಸತ್ವ ಬಿ1 ದೇಹದಲ್ಲಿ ಕೇವಲ ಎರಡು ಮೂರು ವಾರಗಳಿಗೆ ಸಾಲುವಷ್ಟು ಮಾತ್ರ ಸಂಗ್ರಹವಾಗಿರುತ್ತದೆ. ಪದೇ ಪದೇ ವಾಂತಿಯಾಗುತ್ತ ಆಹಾರ ನಿಲ್ಲದವರಲ್ಲಿ ಇದು ಬರಿದಾದರೆ ವರ್ನಿಕೆ ಎನ್ಸೆಫಲೋಪತಿ ಎಂಬ ಮಿದುಳಿನ ತೊಂದರೆ ಉಂಟಾಗಬಹುದು. ನಡಿಗೆಯಲ್ಲಿ ತೂರಾಟ, ಕಣ್ಣುಗುಡ್ಡೆಗಳ ಅಸಹಜ ಚಲನೆ ಅಥವಾ ಎರಡೆರಡು ಕಾಣುವುದು, ಗೊಂದಲ ಮತ್ತು ಮರೆವು ಇದರ ಲಕ್ಷಣಗಳು. ತಕ್ಷಣ ಚುಚ್ಚುಮದ್ದಿನ ಮೂಲಕ ಥಯಾಮಿನ್ ನೀಡದಿದ್ದರೆ ಹಾನಿ ಶಾಶ್ವತವಾಗಬಹುದು. ಥಯಾಮಿನ್‌ಗೆ ಮೊದಲು ಗ್ಲೂಕೋಸ್ ಮಾತ್ರ ನೀಡಿದರೆ ಸ್ಥಿತಿ ಉಲ್ಬಣಿಸುವ ಸಂಭವವಿರುವುದರಿಂದ, ಬೇರೆ ಆಸ್ಪತ್ರೆಗೆ ಹೋದಾಗ ಬೊಜ್ಜು ಶಸ್ತ್ರಚಿಕಿತ್ಸೆಯಾಗಿರುವುದನ್ನು ಮೊದಲೇ ತಿಳಿಸುವುದು ಮುಖ್ಯ.

ನಿರ್ಜಲೀಕರಣ, ಪಿತ್ತಕಲ್ಲು ಮತ್ತು ಕೂದಲು ಉದುರುವಿಕೆ: ದ್ರವ ಸಾಲದಿದ್ದರೆ ತಲೆಸುತ್ತು ಮತ್ತು ಮೂತ್ರಪಿಂಡದ ತೊಂದರೆ ಉಂಟಾಗಬಹುದು. ತೂಕವು ಅತಿವೇಗವಾಗಿ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಉಂಟಾಗುವ ಸಂಭವ ಹೆಚ್ಚು. ಮೂರನೆಯ ತಿಂಗಳ ನಂತರ ಕೂದಲು ಉದುರುವುದು ಅನೇಕರಲ್ಲಿ ಕಂಡುಬರುತ್ತದೆ. ಪೋಷಣೆ ಸರಿಯಿದ್ದರೆ ಇದು ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ.

ಸ್ಥಗಿತದ ಅವಧಿಯಲ್ಲಿ ಪಾಲಿಸಬೇಕಾದ ಕ್ರಮಗಳು

ತೂಕವನ್ನು ದಿನವೂ ನೋಡದೆ, ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ ಬರೆದಿಡಬೇಕು. ಜೊತೆಗೆ ಸೊಂಟದ ಸುತ್ತಳತೆಯನ್ನೂ ಅಳೆಯಬೇಕು. ತೂಕ ನಿಂತಿರುವ ವಾರಗಳಲ್ಲಿಯೂ ಸುತ್ತಳತೆ ಇಳಿಯುವುದುಂಟು. ವೈದ್ಯರು ಅನುಮತಿಸಿದ ಮಟ್ಟಿಗೆ ನಡಿಗೆಯನ್ನು ಮುಂದುವರಿಸಬೇಕು.

ಪ್ರೋಟೀನಿನ ಗುರಿಯನ್ನು ತಲುಪುವುದು ಸಸ್ಯಾಹಾರಿಗಳಿಗೆ ಕಷ್ಟಸಾಧ್ಯ. ಕರ್ನಾಟಕದ ಮನೆಗಳಲ್ಲಿ ಚೇತರಿಸಿಕೊಳ್ಳುತ್ತಿರುವವರಿಗೆ ವಾಡಿಕೆಯಾಗಿ ನೀಡುವ ಗಂಜಿ, ರಾಗಿ ಅಂಬಲಿ ಮತ್ತು ಬೇಳೆಯ ಕಟ್ಟು ಜೀರ್ಣಕ್ಕೆ ಹಗುರವಾದರೂ ಪ್ರೋಟೀನಿನಲ್ಲಿ ಬಡವಾಗಿವೆ: ಗಂಜಿ, ಅಂಬಲಿಗಳಲ್ಲಿ ಪಿಷ್ಟವೇ ಪ್ರಧಾನ, ಬೇಳೆಯ ಪ್ರೋಟೀನಿನ ಬಹುಪಾಲು ಕಟ್ಟಿನಲ್ಲಿ ಇಳಿಯದೆ ಬೇಳೆಯಲ್ಲಿಯೇ ಉಳಿಯುತ್ತದೆ. 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 6ರಿಂದ 7 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇರುತ್ತದೆ. ಪುಟ್ಟ ಜಠರದಲ್ಲಿ ಇವುಗಳಿಂದ ಮಾತ್ರ 60 ಗ್ರಾಂ ಮುಟ್ಟುವುದು ಆರಂಭದಲ್ಲಿ ಅಸಾಧ್ಯವಾದ್ದರಿಂದ ವೈದ್ಯರು ಪ್ರೋಟೀನ್ ಪುಡಿಯನ್ನು ಸೂಚಿಸುತ್ತಾರೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಒಂದರಿಂದ ಮೂರು ವಾರಗಳ ಸ್ಥಗಿತಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಮೊದಲ ತಿಂಗಳುಗಳಲ್ಲಿ ಅದು ನಾಲ್ಕು ವಾರಗಳನ್ನು ಮೀರಿದರೆ ನೀರಿನ ವಿವರಣೆಯೊಂದೇ ಸಾಲದು. ಆಹಾರದ ದಿನಚರಿ ಮತ್ತು ಔಷಧಗಳನ್ನು ವೈದ್ಯರು ಹಾಗೂ ಆಹಾರತಜ್ಞರು ಪರಿಶೀಲಿಸಬೇಕಾಗುತ್ತದೆ. ಹಣ್ಣಿನ ರಸ, ಸಕ್ಕರೆ ಬೆರೆಸಿದ ಚಹಾ, ಐಸ್‌ಕ್ರೀಮ್ ಮುಂತಾದವು ಪುಟ್ಟ ಜಠರದಲ್ಲಿ ನಿಲ್ಲದೆ ಸುಲಭವಾಗಿ ಇಳಿದುಹೋಗುವುದರಿಂದ, ಗಮನಕ್ಕೆ ಬಾರದಂತೆ ಕ್ಯಾಲೊರಿಗಳನ್ನು ಸೇರಿಸಬಲ್ಲವು.

ಈ ಕೆಳಗಿನ ಲಕ್ಷಣಗಳು ಕಂಡುಬಂದರೆ, ತೂಕ ಏನೇ ಇರಲಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು: ನಿಲ್ಲದ ವಾಂತಿ, ನೀರೂ ಇಳಿಯದಿರುವುದು, ಜ್ವರ, ವೇಗದ ನಾಡಿಮಿಡಿತ, ತೀವ್ರ ಹೊಟ್ಟೆನೋವು, ಉಸಿರಾಟದ ತೊಂದರೆ, ಒಂದೇ ಕಾಲಿನಲ್ಲಿ ನೋವು ಮತ್ತು ಬಾವು, ನಡಿಗೆಯ ತೂರಾಟ ಅಥವಾ ಗೊಂದಲ.

ನಂತರದ ವರ್ಷಗಳ ಸ್ಥಗಿತ

ಒಂದರಿಂದ ಎರಡು ವರ್ಷಗಳ ನಡುವೆ ಕಾಣಿಸಿಕೊಳ್ಳುವ ಸ್ಥಗಿತವು ಆರಂಭದ ಸ್ಥಗಿತಕ್ಕಿಂತ ಭಿನ್ನವಾದುದು. ಈ ಹೊತ್ತಿಗೆ ದೇಹವು ಚಿಕ್ಕದಾಗಿ ಅದರ ಶಕ್ತಿಯ ಅಗತ್ಯ ಇಳಿದಿರುತ್ತದೆ, ಸೇವನೆಯೋ ಏರಿರುತ್ತದೆ; ಎರಡೂ ಸಮನಾದಾಗ ತೂಕ ಸ್ಥಿರಗೊಳ್ಳುತ್ತದೆ. 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ, ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡ ದೀರ್ಘಕಾಲದ ಅಧ್ಯಯನದಲ್ಲಿ, ಗ್ಯಾಸ್ಟ್ರಿಕ್ ಬೈಪಾಸ್ ಆದವರ ತೂಕವು ಮೊದಲ ಎರಡು ವರ್ಷಗಳೊಳಗೆ ಸರಾಸರಿ ಶೇ. 32ರಷ್ಟು ಇಳಿದು, ಬಳಿಕ ಸ್ವಲ್ಪ ಏರಿ, ಹತ್ತು ವರ್ಷಗಳ ಕೊನೆಯಲ್ಲಿ ಮೂಲ ತೂಕಕ್ಕಿಂತ ಶೇ. 25ರಷ್ಟು ಕಡಿಮೆ ಮಟ್ಟದಲ್ಲಿ ನಿಂತಿತ್ತು. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಮರಣ ಪ್ರಮಾಣವು ಪಡೆಯದವರಿಗಿಂತ ಕಡಿಮೆಯಿತ್ತು ಎಂಬುದನ್ನು ಇದೇ ಅಧ್ಯಯನ 2007ರಲ್ಲಿ ಪ್ರಕಟಿಸಿತು.